ನಾಲ್ಕು ಗಂಟೆಯ ರಿಂಗ್

ನಮ್ಮ ಸಯನ್ ಮನೆಗೆ ಫೋನ್ ಬಂದಾಗ ಅಕ್ಕನ ಮದುವೆಯಾಗಿ ಎಂಟು ತಿಂಗಳಾಗಿತ್ತು. ಅಪ್ಪ ಅರ್ಜಿ ಹಾಕಿದ್ದು ನಾನು ಪ್ರೈಮರಿ ಸ್ಕೂಲಿನಲ್ಲಿದ್ದಾಗ, ಫೋನ್ ಬಂದದ್ದು ನಾನು ಕಾಲೇಜಿನ ಎರಡನೇ ವರ್ಷದಲ್ಲಿದ್ದಾಗ. ಎಂಬತ್ತರ ದಶಕದ ಬೊಂಬಾಯಿಯಲ್ಲಿ ಇದನ್ನು ಯಾರೂ ತಡ ಎನ್ನುತ್ತಿರಲಿಲ್ಲ. ಅಪ್ಪ ಬಿಲ್ಡಿಂಗಿನವರಿಗೆಲ್ಲ ಪೇಡೆ ಹಂಚಿದರು. ಅಮ್ಮ ಆ ಕಪ್ಪು ಡಬ್ಬಕ್ಕೆ ಕ್ರೋಶಾ ಹೊದಿಕೆ ಹೆಣೆದು, ಕುಂಕುಮವಿಟ್ಟು, ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದಳು. ಅಮ್ಮನಿಗೆ ಫೋನ್ ಬೇಕಾಗಿದ್ದು ಒಂದೇ ಕಾರಣಕ್ಕೆ. ಮಲಾಡಿನಲ್ಲಿದ್ದ ಮಗಳು ಹೇಗಿದ್ದಾಳೆ ಎಂದು ದಿನಕ್ಕೊಮ್ಮೆ ತಿಳಿಯಬೇಕು, ಅಷ್ಟೇ.

ಸಯನ್‌ನಿಂದ ಮಲಾಡ್ ದೂರವೇನಲ್ಲ, ಆದರೆ ದಾದರಿನಲ್ಲಿ ಗಾಡಿ ಬದಲಿಸಿ, ಸೇತುವೆ ಹತ್ತಿಳಿದು ಹೋಗುವಷ್ಟರಲ್ಲಿ ಒಂದೂವರೆ ಗಂಟೆ ಹಿಡಿಯುತ್ತಿತ್ತು. ಹೋದರೂ ಬೀಗರ ಮನೆಯ ಹಾಲಿನಲ್ಲಿ ಕೂತು ಕಾಫಿ ಕುಡಿದು ಎದ್ದು ಬರಬೇಕು. ಅಕ್ಕ ಕಾಫಿ ತಂದಿಟ್ಟು ಬಾಗಿಲ ಬಳಿ ನಿಂತಿರುತ್ತಿದ್ದಳು. ಅವಳು ಸುಖವಾಗಿದ್ದಾಳೋ ಇಲ್ಲವೋ ಎಂದು ಅಮ್ಮ ಅವಳ ಕೈಬಳೆ, ಕಣ್ಣಿನ ಸುತ್ತಲ ಕಪ್ಪು, ಸೀರೆ ಉಟ್ಟ ರೀತಿ ನೋಡಿ ಊಹಿಸಬೇಕಾಗಿತ್ತು. ವಾಪಸು ಬರುವಾಗ ರೈಲಿನಲ್ಲಿ ಅದೇ ಚರ್ಚೆ.

ಬೀಗರ ಮನೆಯಲ್ಲಿ ನಮಗಿಂತ ಮೊದಲೇ ಫೋನ್ ಇತ್ತು. ಅಕ್ಕನ ಮಾವ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ವರ್ಷಗಟ್ಟಲೆ ನಾನು ಅವರನ್ನು ಕೆಟ್ಟವರೆಂದೇ ಬೈದುಕೊಂಡು ತಿರುಗಿದ್ದೇನೆ. ಹಬ್ಬಕ್ಕೆ ಹೋದರೆ ಕೈ ಬಿಚ್ಚಿ ತುಪ್ಪ ಬಡಿಸುವ ಮನುಷ್ಯ. ಆದರೆ ಮಿತಿ ಇರುವ ಯಾವ ವಸ್ತುವೂ ಮಿತಿ ದಾಟುವುದು ಅವರಿಗೆ ಆಗುತ್ತಿರಲಿಲ್ಲ. ಗ್ಯಾಸ್ ಸಿಲಿಂಡರ್ ಹಚ್ಚಿದ ತಾರೀಖನ್ನು ಅಡುಗೆಮನೆಯ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಫೋನಿಗೆ ಎರಡು ತಿಂಗಳಿಗೊಮ್ಮೆ ಬಿಲ್ ಬರುತ್ತಿತ್ತು, ಅದರಲ್ಲಿ ಇಷ್ಟು ಕಾಲ್ ಫ್ರೀ ಎಂದಿರುತ್ತಿತ್ತು. ಆ ಗಡಿ ದಾಟಬಾರದು ಎನ್ನುವುದು ಮನೆಯ ಕಾನೂನು. ಫೋನಿನ ಪಕ್ಕ ದಾರ ಕಟ್ಟಿದ ಒಂದು ನೋಟ್‌ಬುಕ್ ಇತ್ತು. ಕಾಲ್ ಮಾಡಿದವರು ಅದರಲ್ಲಿ ಗೀಟು ಹಾಕಬೇಕು.

ನಮ್ಮ ಮನೆಗೆ ಫೋನ್ ಬಂದ ಮೊದಲ ವಾರ ಅಕ್ಕ ದಿನಾ ಮಾತಾಡಿದಳು. ಎಂಟನೆಯ ದಿನ ಅವಳ ಮಾವ ನೋಟ್‌ಬುಕ್ ತಿರುವಿ, "ಏನಮ್ಮ, ಫ್ರೀ ಕಾಲೆಲ್ಲಾ ತೌರುಮನೆ ಪಾಲಾಯ್ತಲ್ಲ" ಎಂದರಂತೆ. ನಕ್ಕೇ ಹೇಳಿದರಂತೆ. ಅಕ್ಕ ಅವತ್ತಿನಿಂದ ಮಾತಾಡುವುದು ಬಿಟ್ಟಳು. ನಾವೇ ಮಾಡೋಣವೆಂದರೆ ಎತ್ತುವುದು ಅವಳ ಅತ್ತೆ. "ಹೇಳಿ, ಏನ್ ವಿಶೇಷ?" ಎನ್ನುವ ಆ ದನಿಗೆ ಅಮ್ಮನ ಬಾಯಿ ಕಟ್ಟಿಹೋಗುತ್ತಿತ್ತು.

ಆಗ ನಾವು ಇಡೀ ಬೊಂಬಾಯಿ ಮಾಡುತ್ತಿದ್ದುದನ್ನೇ ಮಾಡಿದೆವು. ರಿಂಗ್ ಕೊಡುವುದು. ಫೋನ್ ಬಡಿದುಕೊಳ್ಳುತ್ತದೆ, ಈ ಕಡೆ ಎತ್ತುವುದಿಲ್ಲ, ಆ ಕಡೆ ಇಟ್ಟುಬಿಡುತ್ತಾರೆ. ಎತ್ತದಿದ್ದರೆ ಮೀಟರ್ ಓಡುವುದಿಲ್ಲ, ನೋಟ್‌ಬುಕ್ಕಿಗೆ ಗೀಟೂ ಇಲ್ಲ. ಸಂಜೆ ನಾಲ್ಕಕ್ಕೆ ಅಕ್ಕನ ಅತ್ತೆ ಕೆಳಗೆ ಭಾಜಿಯವನ ಬಳಿ ತರಕಾರಿಗೆ ಇಳಿಯುತ್ತಿದ್ದರು, ಮಾವ ವಾಕಿಂಗಿಗೆ. ಅದೇ ಅವಳ ಸಮಯ. ಎರಡು ರಿಂಗ್ ಎಂದರೆ ಚೆನ್ನಾಗಿದ್ದೇನೆ. ನಾಲ್ಕು ರಿಂಗ್ ಎಂದರೆ ಬನ್ನಿ. ಅಪ್ಪ ಇದನ್ನು ಕಚೇರಿಯ ಆರ್ಡರಿನಂತೆ ಓದಿ ಹೇಳಿದರು. ನಾವು ತಲೆಯಾಡಿಸಿದೆವು.

ಈ ಏರ್ಪಾಡು ನೆಟ್ಟಗೆ ನಡೆದದ್ದು ಎರಡು ತಿಂಗಳು. ಆ ಕಾಲದ ಲೈನುಗಳಲ್ಲಿ ಮಾಡುವವರ ಕಿವಿಗೆ ಎರಡು ಸಲ ಕೇಳಿದ್ದು ನಮ್ಮ ಮನೆಯಲ್ಲಿ ಮೂರು ಸಲ ಬಡಿದುಕೊಳ್ಳಬಹುದು. ಒಂದು ದಿನ ನಾಲ್ಕು ಸಲ ಬಡಿಯಿತು. ಅಮ್ಮ ಒಲೆ ಆರಿಸಿದವಳೇ ಉಟ್ಟ ಸೀರೆಯಲ್ಲೇ ಹೊರಟಳು, ಅಪ್ಪ ಆಫೀಸಿನಿಂದ ನೇರವಾಗಿ ದಾದರಿಗೆ ಬಂದರು. ಮಲಾಡಿನ ಬಾಗಿಲು ತೆರೆದ ಅಕ್ಕ ಇವರನ್ನು ನೋಡಿ ಬೆಚ್ಚಿದಳು. ಅವಳು ಕೊಟ್ಟಿದ್ದು ಎರಡೇ.

"ಹೇಳ್ದೆ ಕೇಳ್ದೆ ಹೀಗೆ ಓಡ್ಬಂದ್ರಲ್ಲ," ಎಂದರು ಅವಳ ಅತ್ತೆ, "ನಾವೇನು ನಿಮ್ ಹುಡುಗೀನ ಕೂಡಿ ಹಾಕಿದೀವಾ?"

ಅಪ್ಪ "ಈ ಕಡೆ ಬಂದಿದ್ವಿ, ಹಾಗೇ ನೋಡ್ಕೊಂಡು ಹೋಗೋಣ ಅಂತ" ಎಂದು ಏನೋ ಹೇಳಿ ಮುಖ ಉಳಿಸಿಕೊಂಡರು. ಮನೆಗೆ ಬಂದು ಹೊಸ ಕಾನೂನು ಮಾಡಿದರು. ಎಣಿಕೆ ಇನ್ನು ಬೇಡ. ನಾಲ್ಕರ ರಿಂಗಿಗೆ ಒಂದೇ ಅರ್ಥ, ಅದು ಎಷ್ಟು ಸಲ ಬೇಕಾದರೂ ಬಡಿಯಲಿ, ಹುಡುಗಿ ಚೆನ್ನಾಗಿದ್ದಾಳೆ. ಬಾರದಿದ್ದರೆ ಮಾತ್ರ ಯೋಚನೆ ಮಾಡುವುದು. ಮೂರೂವರೆಯಿಂದ ನಾಲ್ಕೂವರೆವರೆಗೆ ಯಾರೂ ಫೋನ್ ಮುಟ್ಟಕೂಡದು. ಅಪ್ಪ ತಮ್ಮ ಸ್ನೇಹಿತರಿಗೆಲ್ಲ ಆ ಹೊತ್ತಿನಲ್ಲಿ ಮಾಡಬೇಡಿ ಎಂದು ಹೇಳಿಬಂದರು.

ಈ ಕಾನೂನನ್ನು ಮುರಿದವಳು ನಾನು. ಅದೊಂದು ದಿನ ನನ್ನ ರಿಸಲ್ಟ್ ಬರುವುದಿತ್ತು, ಗೆಳತಿ ಕಾಲೇಜಿನಿಂದ ಫೋನ್ ಮಾಡುತ್ತೇನೆ ಎಂದಿದ್ದಳು. ಬಡಿದ ತಕ್ಷಣ ಗಡಿಯಾರ ನೋಡದೆ ಎತ್ತಿಬಿಟ್ಟೆ.

"ಅಯ್ಯೋ, ಎತ್ಬಿಟ್ಯಲ್ಲೇ!" ಎಂದಳು ಅಕ್ಕ. ಆಮೇಲೆ ಅವಳೇ ನಕ್ಕಳು. "ಹೆಂಗೂ ಕಾಲ್ ಬಿತ್ತಲ್ಲ. ಮಾತಾಡು."

ಆಗ ಎಷ್ಟು ಹೊತ್ತು ಮಾತಾಡಿದರೂ ಲೆಕ್ಕಕ್ಕೆ ಒಂದೇ ಕಾಲ್. ಹತ್ತು ನಿಮಿಷ ಮಾತಾಡಿದೆವು. ಏನು ಮಾತಾಡಿದೆವೋ ನೆನಪಿಲ್ಲ. ಅವಳು ಬಹಳ ನಗುತ್ತಿದ್ದಳು ಎಂಬುದಷ್ಟೇ ನೆನಪು. ಭಯಕ್ಕೋ ಮರೆವಿಗೋ ಅವಳು ಗೀಟು ಹಾಕಲಿಲ್ಲ. ಬಿಲ್ ಬಂದಾಗ ನೋಟ್‌ಬುಕ್ಕಿಗಿಂತ ಒಂದು ಕಾಲ್ ಹೆಚ್ಚಿತ್ತು, ಅದೇ ಒಂದು ಕಾಲ್ ಫ್ರೀ ಗಡಿಯನ್ನು ದಾಟಿತ್ತು. ಮಾವ ಮನೆಯವರನ್ನೆಲ್ಲ ಕೂರಿಸಿ ಕೇಳಿದರು. ಅಕ್ಕ ಒಪ್ಪಿಕೊಂಡಳು. ಅವರು ಕೂಗಾಡಲಿಲ್ಲ. ಮರುದಿನ ಮಾರ್ಕೆಟ್ಟಿನಿಂದ ಒಂದು ಪುಟ್ಟ ಬೀಗ ತಂದು ಡಯಲಿನ ತೂತಿಗೆ ಸಿಕ್ಕಿಸಿ, ಕೀಲಿಯನ್ನು ಹೆಂಡತಿಯ ಕೈಗೆ ಕೊಟ್ಟರು. ಮನೆಗೆ ಬಂದವರು ಬೀಗ ನೋಡಿ ಯಾಕೆ ಎಂದು ಕೇಳಿದರೆ, "ನಮ್ ಸೊಸೇಗೆ ಇದು ಆಟದ ಸಾಮಾನು" ಎನ್ನುತ್ತಿದ್ದರಂತೆ. ಅಕ್ಕ ಆ ಮಾತು ಕೇಳಿಸಿಕೊಳ್ಳುತ್ತಲೇ ಬಂದವರಿಗೆ ಕಾಫಿ ಕೊಡಬೇಕು.

ಎರಡು ತಿಂಗಳು ನಮ್ಮ ಮನೆಯ ಫೋನ್ ನಾಲ್ಕು ಗಂಟೆಗೆ ಬಡಿಯಲಿಲ್ಲ. ನಾಲ್ಕಾಯಿತೆಂದರೆ ಅಮ್ಮ ಸ್ಟೂಲಿನ ಪಕ್ಕ ಬಂದು ಕೂರುತ್ತಿದ್ದಳು, ಅಕ್ಕಿ ಆರಿಸುವ ನೆಪದಲ್ಲಿ. ಐದಕ್ಕೆ ಏಳುತ್ತಿದ್ದಳು. ಒಂದು ಮಾತೂ ನನಗೆ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು, ನಾನೂ ತಿರುಗಿ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಆ ಎರಡು ತಿಂಗಳಲ್ಲಿ ನಾನು ಒಂದು ಪಾಠ ಕಲಿತೆ, ಬಹಳ ಚೆನ್ನಾಗಿ ಕಲಿತೆ. ಇನ್ನು ಸತ್ತರೂ ನಾಲ್ಕರ ಫೋನ್ ಎತ್ತುವುದಿಲ್ಲ ಎಂದು.

ಬೀಗ ತೆಗೆದದ್ದು ಅಕ್ಕ ಬಸುರಿಯಾದಾಗ. ತೆಗೆದವರು ಮಾವನೇ. "ಡಾಕ್ಟರಿಗೆ ಗೀಕ್ಟರಿಗೆ ಮಾಡ್ಬೇಕಾಗತ್ತೆ, ಇರ್ಲಿ" ಎಂದರಂತೆ. ರಿಂಗ್ ಮತ್ತೆ ಶುರುವಾಯಿತು. ಅಮ್ಮನ ಮುಖಕ್ಕೆ ಕಳೆ ಬಂತು. ದಿನಾ ಅದು ಬಡಿದು ನಿಂತ ಮೇಲೆ "ಸದ್ಯ" ಎಂದು ಸ್ಟೂಲಿಗೆ ಕೈ ಮುಗಿದು ಒಳಗೆ ಹೋಗುತ್ತಿದ್ದಳು. ಏಳನೇ ತಿಂಗಳು ನಡೆಯುತ್ತಿತ್ತು. ಸೀಮಂತ ಮುಗಿಸಿ ಮುಂದಿನ ವಾರ ಹೆರಿಗೆಗೆ ಕರೆದುಕೊಂಡು ಬರುವುದೆಂದು ದಿನ ಗೊತ್ತಾಗಿತ್ತು. ನಾನು ನನ್ನ ಮಂಚ ಬಿಟ್ಟುಕೊಟ್ಟು ನೆಲದ ಮೇಲೆ ಹಾಸಿಕೊಳ್ಳಲು ಆಗಲೇ ಅಭ್ಯಾಸ ಮಾಡಿಕೊಳ್ಳುತ್ತಿದ್ದೆ.

ಅವತ್ತು ಶುಕ್ರವಾರ. ಅಕ್ಕನ ಅತ್ತೆ ಮಾವ ಡೊಂಬಿವಲಿಯಲ್ಲಿ ಒಂದು ಉಪನಯನಕ್ಕೆ ಹೋಗುವವರಿದ್ದಾರೆ ಎಂದು ನಮಗೆ ಗೊತ್ತಿತ್ತು. ಭಾವ ಕೆಲಸಕ್ಕೆ ಹೋಗಿರುತ್ತಾರೆ. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು, ಫೋನ್ ಬಡಿಯಿತು. ಅಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಕೂದಲು ಒಣಗಿಸಿಕೊಳ್ಳುತ್ತ ಕಿಟಕಿಯಲ್ಲಿ ನಿಂತಿದ್ದೆ.

ಎರಡಾಯಿತು, ಮೂರಾಯಿತು, ಐದಾಯಿತು. ನಿಲ್ಲಲಿಲ್ಲ. ಅಮ್ಮ ತಲೆಯೆತ್ತಿ ನನ್ನ ಮುಖ ನೋಡಿದಳು. ಆಮೇಲೆ ಅವಳ ಮುಖದಲ್ಲಿ ನಗು ಬಂತು.

"ಇವತ್ತು ಮನೇಲಿ ಯಾರೂ ಇಲ್ಲ ನೋಡು, ರಾಣಿ ಹಾಗಿದಾಳೆ," ಎಂದಳು.

"ಎಷ್ಟ್ ಹೊತ್ತು ಬಡಿಸ್ತಾಳೆ ನೋಡೋಣ ಇರು," ಎಂದೆ ನಾನು.

ಅದು ಬಡಿಯುತ್ತಲೇ ಇತ್ತು. ನಾನು ಜೋರಾಗಿ ಎಣಿಸತೊಡಗಿದೆ. ಹನ್ನೊಂದು, ಹನ್ನೆರಡು. ಅಮ್ಮನೂ ಸೇರಿಕೊಂಡಳು. ನಮಗೆ ಒಂದು ಬಗೆಯ ಹಬ್ಬವೇ ಆಗಿಹೋಯಿತು. ಮದುವೆಯಾದ ಮೇಲೆ ಅಕ್ಕ ಇಷ್ಟು ಧಾರಾಳವಾಗಿ ಏನನ್ನೂ ಮಾಡಿದ್ದಿಲ್ಲ. ಇಪ್ಪತ್ತೊಂದಕ್ಕೆ ನಿಂತಿತು. ಅಮ್ಮ ಕೈಮುಗಿದು, "ಪಾಪ, ಕೈ ಬಾಯಿ ಬಿಚ್ಕೊಂಡು ಒಂದಿನ ಇರ್ಲಿ" ಎಂದು ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

ಎರಡು ನಿಮಿಷ ಕಳೆದಿರಬೇಕು, ಮತ್ತೆ ಬಡಿಯಿತು. ಈ ಸಲ ಅಮ್ಮ ನಗಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಎದ್ದಳು.

"ಎತ್ಲಾ?"

"ಬೇಡ."

"ಯಾರೂ ಇಲ್ವಲ್ಲೇ ಮನೇಲಿ. ಒಂದು ಮಾತು ಆಡ್ಬಿಡ್ತೀನಿ."

"ಯಾರೂ ಇಲ್ದಿದ್ರೆ ಮೀಟರೂ ಇಲ್ವಾ? ಬಿಲ್ ಬರಲ್ವಾ? ಮತ್ತೆ ಬೀಗ ಹಾಕಿದ್ರೆ ಏನ್ ಮಾಡ್ತೀಯ?" ಎಂದು ರೇಗಿದೆ. ಅಮ್ಮನ ಕೈ ಹೊದಿಕೆಯ ಮೇಲೆ ಹೋಗಿತ್ತು. ನಾನು ಹೋಗಿ ಆ ಕೈ ಹಿಡಿದುಕೊಂಡೆ. ಹಿಡಿದುಕೊಂಡೇ ಇಬ್ಬರೂ ಅದು ನಿಲ್ಲುವವರೆಗೆ ಕಾದೆವು. ಆ ಸಲ ನಾವು ಎಣಿಸಲಿಲ್ಲ.

ಇಪ್ಪತ್ತು ನಿಮಿಷ ಬಿಟ್ಟು ಮೂರನೆಯ ಸಲ ಬಡಿದಾಗ ನಾನು ಬೇಸರಪಟ್ಟುಕೊಂಡೆ. ಇದನ್ನು ಬರೆಯಲೇಬೇಕು. ಇಷ್ಟು ದೊಡ್ಡವಳಾಗಿ, ತಾಯಿಯಾಗುವವಳು ಹೀಗೆ ಆಟ ಆಡುತ್ತಾಳಲ್ಲ, ಬಿಲ್ಡಿಂಗಿನವರು ಏನೆಂದುಕೊಂಡಾರು ಎಂದು ನಾನು ಫೋನಿನ ಮೇಲೆ ದಿಂಬು ಇಟ್ಟೆ. ದಿಂಬಿನ ಕೆಳಗೆ ಅದು ಇನ್ನೂ ಸ್ವಲ್ಪ ಹೊತ್ತು ಗೊಣಗಿ ಸುಮ್ಮನಾಯಿತು. ಆಗ ಗಡಿಯಾರದಲ್ಲಿ ನಾಲ್ಕು ಇಪ್ಪತ್ತಾಗಿತ್ತು.

ಭಾವನ ಫೋನ್ ಬಂದದ್ದು ಆರು ಗಂಟೆಗೆ. ದನಿ ಗುರುತೇ ಸಿಗಲಿಲ್ಲ. ಅಕ್ಕನಿಗೆ ಮಧ್ಯಾಹ್ನದಿಂದ ಹೊಟ್ಟೆನೋವು, ಆಮೇಲೆ ರಕ್ತ ಹೋಗಲು ಶುರುವಾಗಿದೆ. ಭಾವನ ಆಫೀಸಿಗೆ ಮಾಡಿದ್ದಾಳೆ, ಆ ಬೋರ್ಡ್ ಲೈನ್ ಯಾವತ್ತೂ ಎಂಗೇಜ್. ಕೊನೆಗೆ ನೆಲದ ಮೇಲೆ ತೆವಳಿಕೊಂಡು ಹೋಗಿ ಎದುರಿನ ಗುಜರಾತಿ ಹೆಂಗಸಿನ ಬಾಗಿಲು ಬಡಿದಿದ್ದಾಳೆ. ಆಕೆ ಪುಣ್ಯಾತ್ಗಿತ್ತಿ, ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದಿದ್ದಾಳೆ.

"ನಿಮಗೂ ಮಾಡಿದ್ಲಂತೆ, ಮೂರು ಸಲ. ನೀವ್ಯಾರೂ ಇರ್ಲಿಲ್ವಂತಲ್ಲ," ಎಂದರು ಭಾವ.

ಸುಳ್ಳು ನಾನು ಹೆಣೆಯಬೇಕಾಗಿರಲಿಲ್ಲ. ಅದು ಸಿದ್ಧವಾಗಿ ಬಂದು ನನ್ನ ಕೈಯಲ್ಲಿ ಕೂತಿತು. "ಹೌದು ಭಾವ, ಹೊರಗೆ ಹೋಗಿದ್ವಿ," ಎಂದೆ.

ಅಪ್ಪ ದಾದರಿನಲ್ಲಿ ಸಿಕ್ಕಿ ಗಂಡಸರ ಡಬ್ಬಿ ಹತ್ತಿದರು, ನಾನೂ ಅಮ್ಮನೂ ಹೆಂಗಸರ ಡಬ್ಬಿ. ಸಂಜೆಯ ಗಾಡಿ, ಉಸಿರಾಡಲೂ ಜಾಗವಿಲ್ಲ. ಅಮ್ಮ ನನ್ನ ಎದುರಿಗೇ ಒತ್ತಿ ನಿಂತಿದ್ದಳು, ಅವಳ ಹಣೆ ನನ್ನ ಹೆಗಲಿಗೆ ತಾಗುತ್ತಿತ್ತು. ಮಲಾಡಿನವರೆಗೆ ನಾವು ಒಂದು ಮಾತೂ ಆಡಲಿಲ್ಲ. ಅಪ್ಪನಿಗೆ ಹೇಳುವುದಿಲ್ಲ ಎಂಬುದು ಆಡದೆಯೇ ತೀರ್ಮಾನವಾಯಿತು. ಎಲ್ಲಿಗೆ ಹೋಗಿದ್ದೆವು ಎಂದು ಮಾತ್ರ ತೀರ್ಮಾನಿಸಿಕೊಳ್ಳಲಿಲ್ಲ.

ಮಗು ಹೋಗಿತ್ತು, ಹೆಣ್ಣು. ಅಕ್ಕನ ಜೀವ ಉಳಿಸಲು ಗರ್ಭಕೋಶ ತೆಗೆದಿದ್ದರು. ಡಾಕ್ಟರು ಅಪ್ಪನಿಗೂ ಭಾವನಿಗೂ ಹಿಂದಿಯಲ್ಲಿ ಹೇಳುತ್ತಿದ್ದುದು ನನಗೆ ಕೇಳಿಸಿತು, ಮಾಸು ಒಳಗೇ ಬಿಟ್ಟುಕೊಂಡಿತ್ತು, ಇನ್ನು ಅರ್ಧ ಗಂಟೆ ಮುಂಚೆ ತಂದಿದ್ದರೆ ಬೇರೆ ಮಾತಿತ್ತು ಎಂದು. ಅರ್ಧ ಗಂಟೆ. ನಾನು ಗೋಡೆಗೆ ಒರಗಿ ಲೆಕ್ಕ ಹಾಕಿದೆ. ನಾವು ಎತ್ತಿದ್ದರೂ ಸಯನ್‌ನಿಂದ ಮಲಾಡಿಗೆ ಹಾರಿಬರಲು ಆಗುತ್ತಿರಲಿಲ್ಲ. ಆದರೆ ಅಮ್ಮ ಒಂದು ಮಾತು ಹೇಳುತ್ತಿದ್ದಳು, ಎದುರುಮನೆ ಬಾಗಿಲು ಬಡಿ ಎಂದು. ಅಷ್ಟೇ ಸಾಕಿತ್ತು. ಅಕ್ಕ ಆ ಅರ್ಧ ಗಂಟೆ ಎದುರುಮನೆಗೆ ಹೋಗದೆ ಕೂತಿದ್ದು ನಾವು ಎತ್ತುತ್ತೇವೆ ಎಂಬ ನಂಬಿಕೆಯಿಂದ.

ಎರಡನೆಯ ದಿನ ಅಕ್ಕನಿಗೆ ಮಾತಾಡುವಷ್ಟು ಶಕ್ತಿ ಬಂತು. ತುಟಿ ಒಣಗಿ ಬಿರಿದಿತ್ತು. ನಾನು ಚಮಚದಲ್ಲಿ ನೀರು ಹಾಕುತ್ತಿದ್ದೆ.

"ಎಲ್ಲಿಗ್ ಹೋಗಿದ್ರೇ ಅವತ್ತು?"

"ಮಾಟುಂಗಾ ಮಾರ್ಕೆಟ್ಟಿಗೆ," ಎಂದೆ. "ನಿನಗೇ ಅಂತ ಅಪ್ಪೆಮಿಡಿ ನೋಡೋಕೆ."

ಅವಳು ಕಣ್ಣು ಮುಚ್ಚಿಕೊಂಡು, "ಹೌದಾ" ಎಂದಳು. ಅಪ್ಪೆಮಿಡಿ ಎಂದು ಸೇರಿಸಿದ್ದೇಕೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಸುಳ್ಳು ಹೇಳುವವರಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ.

ತಿಂಗಳಾದ ಮೇಲೆ ಅವಳ ಮಾವ ಒಬ್ಬರೇ ನಮ್ಮ ಮನೆಗೆ ಬಂದರು. ಕಾಫಿ ಕೊಟ್ಟರೆ ಮುಟ್ಟಲಿಲ್ಲ. ಫೋನಿನ ಕಡೆ ನೋಡುತ್ತ ಬಹಳ ಹೊತ್ತು ಕೂತಿದ್ದರು. "ಆ ಗೀಟಿನ ಪುಸ್ತಕ ಹರಿದು ಒಲೆಗೆ ಹಾಕ್ದೆ," ಎಂದರು ಅಪ್ಪನಿಗೆ. "ಎದುರುಮನೆಯವರ ಮುಂದೆ, ನಿಮ್ಮ ಮುಂದೆ, ಯಾರ ಮುಂದೇನೂ ಮುಖ ಎತ್ತೋಕಾಗಲ್ಲ ನಂಗೆ." ನನಗೆ ಅವರನ್ನು ಎದ್ದು ಬೈಯಬೇಕೆನ್ನಿಸಿತು. ಎಲ್ಲಾ ನಿಮ್ಮಿಂದಲೇ ಎಂದು ಕಿರುಚಿದ್ದರೆ ಅಪ್ಪನೂ ತಡೆಯುತ್ತಿರಲಿಲ್ಲ. ಆದರೆ ಬೈಯುವ ಹಕ್ಕು ನನಗಿರಲಿಲ್ಲ, ಅದು ಅಮ್ಮನಿಗೂ ನನಗೂ ಮಾತ್ರ ಗೊತ್ತಿತ್ತು. ನಾನು ಎದ್ದು ಲೋಟ ಒಳಗೆ ತೆಗೆದುಕೊಂಡು ಹೋದೆ.

ಆಮೇಲೆ ಅಕ್ಕ ದಿನಾ ಫೋನ್ ಮಾಡುತ್ತಿದ್ದಳು, ಹೊತ್ತು ಗೊತ್ತಿಲ್ಲದೆ. ಯಾರೂ ಏನೂ ಅನ್ನುತ್ತಿರಲಿಲ್ಲ. ನಾನು ಮೊದಲ ಬಡಿತಕ್ಕೇ ಎತ್ತುತ್ತಿದ್ದೆ, ಸ್ನಾನದ ಮನೆಯಿಂದ ಒದ್ದೆ ಕಾಲಿನಲ್ಲಿ ಓಡಿಬಂದಾದರೂ ಎತ್ತುತ್ತಿದ್ದೆ. ಅವಳು ಹೇಳುವುದಕ್ಕೆ ವಿಶೇಷವೇನೂ ಇರುತ್ತಿರಲಿಲ್ಲ. ಹುಳಿಗೆ ಏನು ಹಾಕಿದಿರಿ, ನಲ್ಲಿಯಲ್ಲಿ ನೀರು ಬಂತಾ, ಅಪ್ಪನ ಮಂಡಿನೋವು ಹೇಗಿದೆ. ಅಮ್ಮ ಮಾತ್ರ ಫೋನಿನ ಹತ್ತಿರ ಬರುತ್ತಿರಲಿಲ್ಲ. ಕರೆದರೆ ಕೈ ಹಿಟ್ಟಾಗಿದೆ ಎಂದು ಅಡುಗೆಮನೆಯಿಂದಲೇ ಕೂಗುತ್ತಿದ್ದಳು.

ಹೀಗೇ ಒಂದು ಮಧ್ಯಾಹ್ನ ಅಕ್ಕ ಮಾತಿನ ನಡುವೆ ತಟ್ಟನೆ ನಿಂತಳು.

"ಒಂದ್ ಕೇಳ್ಲಾ?"

"ಕೇಳು."

"ಆಸ್ಪತ್ರೇಲಿ ಅಮ್ಮ ಅಂದ್ಲು, ಗಣಪತಿ ದೇವಸ್ಥಾನಕ್ಕೆ ಹೋಗಿದ್ವಿ ಅಂತ. ನೀನು ಮಾರ್ಕೆಟ್ಟು ಅಂದೆ."

ನಾನು ನೆಲದ ಮೇಲೆ ಕೂತುಬಿಟ್ಟೆ. ಎರಡಕ್ಕೂ ಹೋಗಿದ್ದೆವು ಎನ್ನಬಹುದಿತ್ತು. ನಾಲಿಗೆಯ ತುದಿಯವರೆಗೆ ಬಂದಿತ್ತು.

"ಮನೇಲೇ ಇದ್ರಿ ಅಲ್ವಾ," ಎಂದಳು. ಅದು ಪ್ರಶ್ನೆಯಾಗಿರಲಿಲ್ಲ. ಕೋಪವೂ ಇರಲಿಲ್ಲ. "ನನಗೆ ನಾಲ್ಕು ಗಂಟೆ ಅಂತ ಹೊಳೀಲೇ ಇಲ್ಲ ಕಣೇ. ಎರಡೋ ಮೂರೋ ಅಂದ್ಕೊಂಡಿದ್ದೆ. ನಾಲ್ಕು ಅಂತ ಗೊತ್ತಾಗಿದ್ರೆ ನಿಮಗೆ ಮಾಡ್ತಾನೇ ಇರ್ಲಿಲ್ಲ. ಆಮೇಲೆ ಯೋಚನೆ ಮಾಡಿ ಮಾಡಿ ಗೊತ್ತಾಯ್ತು."

"ಅಕ್ಕಾ, ಅಮ್ಮ ಎತ್ತೋಕೆ ಹೋದ್ಲು. ನಾನೇ ಕೈ ಹಿಡ್ಕೊಂಡೆ. ಅಮ್ಮಂದೇನೂ ತಪ್ಪಿಲ್ಲ."

ಅವಳ ಮನೆಯ ಫ್ಯಾನಿನ ಸದ್ದು ಕೇಳುತ್ತಿತ್ತು.

"ಬಡೀತಾ ಇದ್ದಾಗ ಏನ್ ಮಾಡ್ತಿದ್ರಿ?" ಎಂದು ಕೇಳಿದಳು. "ಸುಳ್ ಹೇಳ್ಬೇಡ. ನನಗೆ ಅದೊಂದು ಗೊತ್ತಾಗ್ಬೇಕು. ಗಾಬರಿಯಾಗಿದ್ರಾ?"

ಗಾಬರಿಯಾಗಿದ್ದೆವು ಎನ್ನಬೇಕಿತ್ತು. ಅವಳು ಕೇಳಿದ್ದು ಅಷ್ಟನ್ನೇ, ಅಷ್ಟು ಚಿಕ್ಕದನ್ನೇ. ಅಡುಗೆಮನೆಯಲ್ಲಿ ಅಮ್ಮನ ಪಾತ್ರೆಯ ಸದ್ದು ನಿಂತುಹೋಗಿತ್ತು, ಅವಳು ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು.

"ಇಲ್ಲ ಅಕ್ಕ," ಎಂದೆ. "ಖುಷಿಯಾಗಿದ್ವಿ."